ಅತ್ತೆ-ಮಾವನ ಜೊತೆ ಕೆರಿಬಿಯನ್ ಕಡಲಿಗೆ: ಯಾವ ದ್ವೀಪ, ಯಾವ ದಡ?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ನನ್ನ ಗಂಡನಿಗೆ ಎಚ್-1ಬಿ ಕೆಲಸದ ವೀಸಾ, ಅವರ ಹೆಂಡತಿ ಅಂತ ನನಗೆ ಎಚ್-4. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು, ಒಬ್ಬಳಿಗೆ ಒಂಬತ್ತು, ಇನ್ನೊಬ್ಬನಿಗೆ ನಾಲ್ಕು ವರ್ಷ. ತೀರ್ಥಹಳ್ಳಿಯಿಂದ ಅತ್ತೆ-ಮಾವ ಬಂದಿದ್ದಾರೆ. ಜುಲೈನಲ್ಲಿ ಐದಾರು ದಿನ ಎಲ್ಲರೂ ಸೇರಿ ಕೆರಿಬಿಯನ್ ಬೀಚ್ ರೆಸಾರ್ಟಿಗೆ ಹೋಗೋಣ ಅಂತಿದ್ದೇವೆ. ಕ್ಯಾನ್‌ಕೂನ್, ಪುಂಟಾ ಕಾನಾ, ಜಮೈಕಾ, ಈ ಮೂರರಲ್ಲಿ ಯಾವುದು ಒಳ್ಳೆಯದು? ಊಟ-ತಿಂಡಿ ಎಲ್ಲಾ ಸೇರಿದ ಆಲ್-ಇನ್‌ಕ್ಲೂಸಿವ್ ಪ್ಯಾಕೇಜ್ ತೆಗೆದುಕೊಳ್ಳಬಹುದಾ? ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮಂಡಿನೋವು ಬೇರೆ. ಮಾವನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. "ಐದು ದಿನ ಹೋಟೆಲಲ್ಲಿ ಕೂತು ಏನು ಮಾಡೋದು?" ಅಂತ ಈಗಲೇ ಕೇಳುತ್ತಿದ್ದಾರೆ. ಅಂದ ಹಾಗೆ, ನಮ್ಮಿಬ್ಬರ ವೀಸಾ ಸ್ಟಾಂಪ್ ಮುಗಿದಿದೆ. ಆದರೆ ಇಲ್ಲಿ ಇರಲು ಅನುಮತಿ ಸಿಕ್ಕಿದೆ ಅನ್ನುವ ಐ-797 ಪತ್ರ ಇನ್ನೂ ಎರಡು ವರ್ಷ ಇದೆ. ಅದರಿಂದ ಏನೂ ತೊಂದರೆ ಇಲ್ಲ ಅಲ್ವಾ?

ಉತ್ತರ:

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. 'ಅಂದ ಹಾಗೆ' ಅಂತ ಬರೆದಿದ್ದೀರಲ್ಲ, ನಿಮ್ಮ ಇಡೀ ಪ್ರವಾಸ ನಿಂತಿರುವುದು ಅದರ ಮೇಲೆ.

ಭಾರತದ ಪಾಸ್‌ಪೋರ್ಟ್ ಇರುವವರನ್ನು ಕ್ಯಾನ್‌ಕೂನ್ ಇರುವ ಮೆಕ್ಸಿಕೋ ತನ್ನ ವೀಸಾ ಇಲ್ಲದೆಯೇ ಒಳಗೆ ಬಿಡುತ್ತದೆ. ಆದರೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಕೈಯಲ್ಲಿರಬೇಕು. ಐ-797 ಕಾಗದ ವೀಸಾ ಅಲ್ಲ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಸ್ಟಾಂಪಿನ ದಿನಾಂಕ ಮುಗಿದಿದ್ದರೆ ಡಲ್ಲಾಸ್ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ತಮಾಷೆ ಏನು ಅಂದರೆ, ತೀರ್ಥಹಳ್ಳಿಯಿಂದ ಬಂದ ಅತ್ತೆ-ಮಾವ ತಮ್ಮ ಬಿ-2 ಪ್ರವಾಸಿ ವೀಸಾ ತೋರಿಸಿ ಕ್ಯಾನ್‌ಕೂನ್‌ಗೆ ಹೋಗಿಬಿಡಬಹುದು. ಇಲ್ಲೇ ಮನೆ ಮಾಡಿಕೊಂಡಿರುವ ನೀವಿಬ್ಬರು ಹೋಗುವ ಹಾಗಿಲ್ಲ! ಪುಂಟಾ ಕಾನಾ ಇರುವ ಡೊಮಿನಿಕನ್ ರಿಪಬ್ಲಿಕ್‌ನಲ್ಲೂ ಭಾರತೀಯರಿಗೆ ಇದೇ ಲೆಕ್ಕ.

ಜಮೈಕಾದ್ದು ಇನ್ನೂ ಮೋಸ. ಅಲ್ಲಿಗೆ ಭಾರತೀಯರಿಗೆ ಪ್ರವಾಸಿ ವೀಸಾ ಬೇಕಿಲ್ಲ. ಆರಾಮಾಗಿ ಇಳಿಯುತ್ತೀರಿ, ಐದು ದಿನ ಇರುತ್ತೀರಿ. ವಾಪಸ್ ವಿಮಾನ ಹತ್ತುವಾಗ "ಅಮೆರಿಕದ ವೀಸಾ ಎಲ್ಲಿ?" ಅಂತ ಕೇಳುತ್ತಾರೆ. ಆಗ ಹೊಸ ಸ್ಟಾಂಪ್ ಮಾಡಿಸಿಕೊಳ್ಳೋಕೆ ಅಲ್ಲಿಂದಲೇ ಊರಿಗೆ ಹೋಗಬೇಕಾದೀತು.

"ಮೂವತ್ತು ದಿನದೊಳಗೆ ವಾಪಸ್ ಬಂದರೆ ಸ್ಟಾಂಪ್ ಬೇಡವಂತೆ" ಅಂತ ಯಾರಾದರೂ ಹೇಳಿರಬಹುದು. ಅದು ಸುಳ್ಳಲ್ಲ. ಅದಕ್ಕೆ ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಅನ್ನುತ್ತಾರೆ. ಆದರೆ ಎಚ್-1ಬಿ, ಎಚ್-4 ಇರುವವರಿಗೆ ಅದು ಕೆನಡಾ ಮತ್ತು ಮೆಕ್ಸಿಕೋಗೆ ಮಾತ್ರ. ಅಕ್ಕಪಕ್ಕದ ದ್ವೀಪಗಳಿಗೂ ಅನ್ವಯ ಆಗುವುದು ಓದಲು ಅಥವಾ ವಿನಿಮಯ ಕಾರ್ಯಕ್ರಮಕ್ಕೆ ಬಂದ ಎಫ್ ಮತ್ತು ಜೆ ವೀಸಾದವರಿಗೆ. ಹಾಗಾಗಿ ನಿಮಗೆ ಉಳಿದಿರುವುದು ಒಂದೇ ಸುತ್ತುದಾರಿ: ಮೆಕ್ಸಿಕೋ ಕಾನ್ಸುಲೇಟಿನಲ್ಲಿ ಅವರದೇ ವೀಸಾ ಮಾಡಿಸಿ ಕ್ಯಾನ್‌ಕೂನ್‌ಗೆ ಹೋಗಿ, ಐ-94 (ಅಮೆರಿಕದೊಳಗೆ ಬಂದಿದ್ದರ, ಎಲ್ಲಿಯವರೆಗೆ ಇರಬಹುದು ಅನ್ನುವುದರ ದಾಖಲೆ) ಮತ್ತು ಐ-797 ತೋರಿಸಿ ಈ ನಿಯಮದಡಿ ಬರುವುದು. ಮಾಡಿದವರಿದ್ದಾರೆ. ಆದರೆ ವಾಪಸ್ ಬರುವಾಗ ಏರ್‌ಲೈನ್ ಸಿಬ್ಬಂದಿಗೆ ಈ ನಿಯಮ ಗೊತ್ತಿಲ್ಲದೆ ಗಂಟೆಗಟ್ಟಲೆ ವಾದ ಆಗುವುದುಂಟು. ಇಬ್ಬರು ಹಿರಿಯರು, ಇಬ್ಬರು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ವಾದ ಮಾಡೋಕೆ ನಾನಂತೂ ಹೇಳಲ್ಲ. ಮಾಡಲೇಬೇಕು ಅಂತಿದ್ದರೆ ಮೊದಲು ನಿಮ್ಮ ಇಮಿಗ್ರೇಶನ್ ವಕೀಲರನ್ನು ಕೇಳಿ.

ಹಾಗಾದರೆ ಕೆರಿಬಿಯನ್ ಆಸೆ ಬಿಡಬೇಕಾ? ಬೇಡ. ಪೋರ್ಟೊ ರಿಕೊಗೆ ಹೋಗಿ.

ಅದು ಅಮೆರಿಕದ್ದೇ ನೆಲ. ಡಲ್ಲಾಸಿನಿಂದ ಸಾನ್ ಹುವಾನ್‌ಗೆ ನೇರ ವಿಮಾನದಲ್ಲಿ ಐದು ಗಂಟೆಯ ಹತ್ತಿರ. ಅದು ಡೊಮೆಸ್ಟಿಕ್ ಪ್ರಯಾಣ, ನೀವು ದೇಶ ಬಿಟ್ಟ ಲೆಕ್ಕವೇ ಅಲ್ಲ. ಅತ್ತೆ-ಮಾವನ ಐ-94ಗೂ ಏನೂ ಆಗುವುದಿಲ್ಲ. ಡಾಲರ್ ನಡೆಯುತ್ತದೆ, ನಿಮ್ಮ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಆದರೂ ದೊಡ್ಡವರು ನಾಲ್ವರೂ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ನೀವಿಬ್ಬರು ಐ-797 ಕೂಡ ಇಟ್ಟುಕೊಳ್ಳಿ. ಇನ್ನೊಂದು ಮಾತು: ಟಿಕೆಟ್ ಬುಕ್ ಮಾಡುವಾಗ ನೇರ ವಿಮಾನ ಅಥವಾ ಮಯಾಮಿಯಂಥ ಅಮೆರಿಕದ ಊರಿನ ಮೂಲಕ ಹೋಗುವುದನ್ನೇ ಆರಿಸಿ. ಅಗ್ಗ ಅಂತ ಬೇರೆ ದೇಶದ ದ್ವೀಪದಲ್ಲಿ ವಿಮಾನ ಬದಲಿಸುವ ಟಿಕೆಟ್ ತೆಗೆದುಕೊಂಡರೆ ಮತ್ತೆ ಅದೇ ಸ್ಟಾಂಪಿನ ಕತೆ. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಹೊರಡುವ ಕ್ರೂಸ್ ಹಡಗುಗಳ ಜಾಹೀರಾತು ನಿಮಗೂ ಬರುತ್ತಿರಬಹುದು. ಅವೂ ಬೇರೆ ದೇಶದ ದಡಕ್ಕೆ ಹೋಗುವಂಥವೇ, ಈ ಸಲ ಅದರ ಕಡೆ ನೋಡಬೇಡಿ.

ಯುಎಸ್ ವರ್ಜಿನ್ ದ್ವೀಪಗಳೂ ಅಮೆರಿಕದವೇ. ಸೇಂಟ್ ಥಾಮಸ್‌ನಲ್ಲಿ ಆಲ್-ಇನ್‌ಕ್ಲೂಸಿವ್ ಕೂಡ ಸಿಗುತ್ತದೆ. ಆದರೆ ಅಲ್ಲಿಂದ ಹೊರಡುವಾಗ ಕಸ್ಟಮ್ಸ್-ಇಮಿಗ್ರೇಶನ್ ತಪಾಸಣೆ ಇರುತ್ತದೆ. ಗುಡ್ಡದ ರಸ್ತೆ, ಮೆಟ್ಟಿಲು ಜಾಸ್ತಿ. ಮಂಡಿನೋವಿನ ಅತ್ತೆಗೆ ಅದು ಬೇಡ.

ಪೋರ್ಟೊ ರಿಕೊದಲ್ಲಿ ಕ್ಯಾನ್‌ಕೂನ್ ಥರದ ಆಲ್-ಇನ್‌ಕ್ಲೂಸಿವ್ ರೆಸಾರ್ಟ್ ಇಲ್ಲ ಅಂತಲೇ ಹೇಳಬೇಕು. ನನ್ನ ಪ್ರಕಾರ ನಿಮಗೆ ಅದು ಒಳ್ಳೆಯದೇ ಆಯಿತು. ಆ ಪ್ಯಾಕೇಜುಗಳು ತಲೆಗೆ ಇಷ್ಟು ಅಂತ ಇರುತ್ತವೆ. ಬಾರಿನಲ್ಲಿ ಹಗಲು-ರಾತ್ರಿ ಸುರಿಯುವ ಮದ್ಯದ ಖರ್ಚೂ ಅದರಲ್ಲೇ ಸೇರಿರುತ್ತದೆ. ಅತ್ತೆ ಅಲ್ಲಿ ತಿನ್ನುವುದು ಅನ್ನ, ಮೊಸರು, ಹಣ್ಣು. ಪಕ್ಕದ ಟೇಬಲಿನವರ ಟಕೀಲಾಗೆ ನೀವು ದುಡ್ಡು ಕೊಟ್ಟ ಹಾಗೆ. ಸಾಲದ್ದಕ್ಕೆ ಮೆಕ್ಸಿಕೋದ ಬೀನ್ಸ್ ಪಲ್ಯದಲ್ಲಿ ಹಂದಿ ಕೊಬ್ಬು, ಅನ್ನದಲ್ಲಿ ಕೋಳಿ ಸಾರು ಇರುವುದು ಮಾಮೂಲು.

ಇನ್ನೊಂದು ಮುಖ್ಯ ವಿಷಯ. ಪೋರ್ಟೊ ರಿಕೊದಲ್ಲಿ ಕಡಲ ದಡ ಕಾನೂನಿನ ಪ್ರಕಾರ ಎಲ್ಲರದ್ದು. ಐಷಾರಾಮಿ ಹೋಟೆಲಿನ ಮುಂದಿನ ಮರಳಿನಲ್ಲೂ ನೀವು ಚಾಪೆ ಹಾಸಿಕೊಂಡು ಕೂರಬಹುದು. ಹಾಗಾಗಿ ದುಡ್ಡನ್ನು ಹೋಟೆಲಿನ ಹೆಸರಿಗೆ ಸುರಿಯುವ ಬದಲು, ಅಡುಗೆಮನೆ ಇರುವ ಮೂರು ಬೆಡ್‌ರೂಮಿನ ಕಾಂಡೊ (ಅಪಾರ್ಟ್‌ಮೆಂಟ್) ಬಾಡಿಗೆಗೆ ತೆಗೆದುಕೊಳ್ಳಿ. ರಾತ್ರಿ ಎಂಟಕ್ಕೆ ಮಗು ಮಲಗಿದ ಮೇಲೂ ಹೊರಗೆ ಹಾಲ್‌ನಲ್ಲಿ ಕೂತು ನಾಲ್ಕು ಮಾತಾಡಬಹುದು. ಹೋಟೆಲಿನ ಎರಡು ರೂಮಲ್ಲಿ ಅದು ಆಗಲ್ಲ.

ಈಗ ದಡದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರೆಸಾರ್ಟಿನ ಫೋಟೋ ನೋಡಿ ಬೀಚ್ ಆರಿಸುವವರೇ ಜಾಸ್ತಿ. ನೋಡಬೇಕಾದ್ದು ನಕ್ಷೆ. ಆ ದಡ ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದು ಮುಖ್ಯ.

ಕೆರಿಬಿಯನ್‌ನಲ್ಲಿ ವರ್ಷಪೂರ್ತಿ ಪೂರ್ವ-ಈಶಾನ್ಯದಿಂದ ಗಾಳಿ ಬೀಸುತ್ತದೆ. ಹಾಗಾಗಿ ಪೂರ್ವಕ್ಕೆ ತೆರೆದ ದಡಗಳಲ್ಲಿ ಅಲೆ ಜಾಸ್ತಿ, ಪಶ್ಚಿಮದ ಮರೆಯಲ್ಲಿ ನೀರು ಶಾಂತ. 2011ರಿಂದ ಇದಕ್ಕೆ ಸರ್ಗಾಸಮ್ ಅನ್ನುವ ಕಂದು ಪಾಚಿಯ ಕಾಟವೂ ಸೇರಿಕೊಂಡಿದೆ. ಅಟ್ಲಾಂಟಿಕ್‌ನಲ್ಲಿ ರಾಶಿರಾಶಿಯಾಗಿ ತೇಲಿಬರುವ ಇದು ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ದಡಕ್ಕೆ ಬಂದು ಬೀಳುತ್ತದೆ. ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಮೊಟ್ಟೆಯ ವಾಸನೆಗೇ ದೂರ ಹೋಗುವ ಅತ್ತೆಯನ್ನು ಅಲ್ಲಿ ಕೂರಿಸಿದರೆ ಏನಾಗುತ್ತೆ, ನೀವೇ ಯೋಚಿಸಿ! ಪುಂಟಾ ಕಾನಾ ಮತ್ತು ಕ್ಯಾನ್‌ಕೂನ್‌ನ ಉದ್ದನೆಯ ಹೋಟೆಲ್ ಸಾಲು ಎರಡೂ ಪೂರ್ವಕ್ಕೇ ಮುಖ ಮಾಡಿವೆ. ಅಂದರೆ ವೀಸಾ ಇದ್ದಿದ್ದರೂ ಜುಲೈನಲ್ಲಿ ಅವು ನನ್ನ ಮೊದಲ ಆಯ್ಕೆ ಆಗುತ್ತಿರಲಿಲ್ಲ.

ಪೋರ್ಟೊ ರಿಕೊದಲ್ಲಿ ಈ ಪಾಚಿ ಹೆಚ್ಚಾಗಿ ಬೀಳುವುದು ದಕ್ಷಿಣ ಮತ್ತು ಪೂರ್ವದ ದಡಕ್ಕೆ. ಉತ್ತರದಲ್ಲಿ ಕಡಿಮೆ. ಆದರೆ ಉತ್ತರದ್ದು ತೆರೆದ ಅಟ್ಲಾಂಟಿಕ್. ಸಾನ್ ಹುವಾನ್‌ನ ಕೊಂಡಾಡೊ ಬೀಚ್ ಫೋಟೋದಲ್ಲಿ ಎಷ್ಟು ಚೆಂದವೋ ನೀರಿಗಿಳಿದರೆ ಅಷ್ಟೇ ಅಪಾಯ. ಅಲ್ಲಿನ ರಿಪ್ ಕರೆಂಟ್, ಅಂದರೆ ದಡದಿಂದ ಆಚೆಗೆ ಎಳೆಯುವ ಸೆಳೆತ, ಒಳ್ಳೆ ಈಜುಗಾರರನ್ನೂ ಬಿಟ್ಟಿಲ್ಲ. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಮಬ್ಬಾಗಿ ಕಂಡರೆ 'ಇಲ್ಲಿ ಅಲೆ ಇಲ್ಲ, ಮಕ್ಕಳಿಗೆ ಒಳ್ಳೇದು' ಅನ್ನಿಸುತ್ತದೆ. ಸೆಳೆತ ಇರುವುದು ಅಲ್ಲೇ. ಸಿಕ್ಕಿಹಾಕಿಕೊಂಡರೆ ದಡದ ಕಡೆ ನೇರವಾಗಿ ಈಜಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡ ಸೇರಬೇಕು. ಆಗದಿದ್ದರೆ ತೇಲುತ್ತಾ ಕೈ ಬೀಸಬೇಕು. ಇದನ್ನು ಮಗಳಿಗೂ ಹೇಳಿಕೊಡಿ. ಒಂಬತ್ತು ವರ್ಷಕ್ಕೆ ಅರ್ಥ ಆಗುತ್ತದೆ.

ನಿಮ್ಮಂಥ ಕುಟುಂಬಕ್ಕೆ ಬೇಕಿರುವುದು 'ಬಾಲ್ನೆಯಾರಿಯೊ'. ಅವು ಸರ್ಕಾರ ನೋಡಿಕೊಳ್ಳುವ ಸಾರ್ವಜನಿಕ ಬೀಚುಗಳು. ಪಾರ್ಕಿಂಗ್, ಶೌಚಾಲಯ, ಸ್ನಾನದ ನಲ್ಲಿ, ನೆರಳು ಇರುತ್ತವೆ. ಲೈಫ್‌ಗಾರ್ಡ್ ಇರುವ ಹೊತ್ತು ಕೇಳಿಕೊಂಡು ಅದೇ ಹೊತ್ತಿಗೆ ಹೋಗಿ. ನನ್ನ ಆಯ್ಕೆ ಲುಕಿಯೊ ಊರಿನ ಲಾ ಮೊನ್ಸೆರಾಟೆ. ಸಾನ್ ಹುವಾನ್‌ನಿಂದ ಪೂರ್ವಕ್ಕೆ ಮುಕ್ಕಾಲು ಗಂಟೆ. ಬಾಗಿದ ಕೊಲ್ಲಿ, ಹೊರಗಡೆ ಹವಳದ ದಿಬ್ಬ ಅಲೆಯನ್ನು ತಡೆಯುತ್ತದೆ, ಹಿಂದೆ ತೆಂಗಿನ ಸಾಲು. ಸ್ಥಳೀಯರು ಐಸ್ ಪೆಟ್ಟಿಗೆ, ಮಡಚುವ ಕುರ್ಚಿ, ಅಜ್ಜ-ಅಜ್ಜಿ, ಡಾಮಿನೋ ಆಟದ ಸಮೇತ ಇಡೀ ದಿನಕ್ಕೆ ಬರುತ್ತಾರೆ. ಅತ್ತೆ ಸೀರೆ ಉಟ್ಟು ಕಾಲು ನೆನೆಸಿಕೊಂಡು ಕೂತರೆ ಯಾರೂ ತಿರುಗಿ ನೋಡಲ್ಲ. ಈಶಾನ್ಯ ಮೂಲೆ ಆದ್ದರಿಂದ ಇಲ್ಲಿಗೂ ಕೆಲವು ದಿನ ಪಾಚಿ ಬರಬಹುದು. ಹಾಗಾದ ದಿನ ಕಾರು ಹತ್ತಿ ಸಾನ್ ಹುವಾನ್‌ನ ಎಸ್ಕಾಂಬ್ರೋನ್ ಬೀಚಿಗೆ ಹೋಗಿ. ಅದಕ್ಕೂ ಬಂಡೆಗಳ ಮರೆ ಇದೆ.

ಉಳಿಯುವುದೂ ಲುಕಿಯೊದಲ್ಲೇ ಇರಲಿ. ಕಾಂಡೊ ಬುಕ್ ಮಾಡುವ ಮೊದಲು ಮಾಲೀಕರಿಗೆ ಮೂರು ಪ್ರಶ್ನೆ ಬರೆದು ಕಳಿಸಿ. ಜನರೇಟರ್ ಇದೆಯಾ? ನೀರಿನ ಟ್ಯಾಂಕ್ ಇದೆಯಾ? ಕರೆಂಟ್ ಹೋದಾಗ ಲಿಫ್ಟ್ ಮತ್ತು ಫ್ರಿಜ್ ಎರಡೂ ಜನರೇಟರಿನಲ್ಲಿ ನಡೆಯುತ್ತವಾ? 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಬಡಿದ ಮೇಲೆ ಅಲ್ಲಿನ ವಿದ್ಯುತ್ ಜಾಲ ಸರಿಯಾಗಿ ಚೇತರಿಸಿಕೊಂಡೇ ಇಲ್ಲ. 2024ರ ಡಿಸೆಂಬರ್ 31ರಂದು ಮತ್ತು 2025ರ ಏಪ್ರಿಲ್ 16ರಂದು ಹೆಚ್ಚುಕಡಿಮೆ ಇಡೀ ದ್ವೀಪವೇ ಕತ್ತಲಾಗಿತ್ತು. ಮಾವನ ಇನ್ಸುಲಿನ್ ಫ್ರಿಜ್‌ನಲ್ಲಿರುತ್ತದೆ, ಅತ್ತೆ ಐದನೇ ಮಹಡಿ ಮೆಟ್ಟಿಲು ಹತ್ತಲಾರರು. 'ಜನರೇಟರ್ ಇದೆ' ಅಂತ ಬರೆದಿರುತ್ತಾರೆ, ಅದು ಕಾರಿಡಾರಿನ ದೀಪಕ್ಕೆ ಮಾತ್ರ ಆಗಿರುವುದೂ ಉಂಟು. ಇನ್ಸುಲಿನ್ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಜೊತೆಗೆ ಚಿಕ್ಕ ತಂಪು ಚೀಲ, ವೈದ್ಯರ ಚೀಟಿ. ಅತ್ತೆ-ಮಾವನಿಗೆ ಮಾಡಿಸಿರುವ ವಿಸಿಟರ್ ಇನ್ಶೂರೆನ್ಸ್ ಪೋರ್ಟೊ ರಿಕೊದಲ್ಲಿ ನಡೆಯುತ್ತದಾ ಅಂತ ಕಂಪನಿಗೆ ಇಮೇಲ್ ಹಾಕಿ, ಉತ್ತರ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30. ಜೋರು ಇರುವುದು ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಜುಲೈ ಪೂರ್ತಿ ಸುರಕ್ಷಿತ ಅಂತಲ್ಲ. 2024ರ ಜುಲೈ 1ಕ್ಕೇ ಬೆರಿಲ್ ಚಂಡಮಾರುತ ಗ್ರೆನಡಾದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತ್ತು. ಆದರೂ ಸೆಪ್ಟೆಂಬರಿಗಿಂತ ಜುಲೈ ಎಷ್ಟೋ ಮೇಲು. ತಿಂಗಳ ಮೊದಲ ಅರ್ಧದಲ್ಲೇ ಹೋಗಿ. ರದ್ದು ಮಾಡಿದರೆ ಹಣ ವಾಪಸ್ ಕೊಡುವ ಬುಕಿಂಗ್ ಮಾಡಿ. ಪ್ರವಾಸದ ಇನ್ಶೂರೆನ್ಸ್ ಬೇಕಿದ್ದರೆ ಈಗಲೇ ಮಾಡಿಸಿ. ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಮಾಡಿಸಿದರೆ ಅದಕ್ಕೆ ಪರಿಹಾರ ಸಿಗುವುದಿಲ್ಲ.

ಊಟಕ್ಕೆ ಬರೋಣ. ಹೊರಗಿನ ಊಟದಲ್ಲಿ ಅತ್ತೆಗೆ ನಂಬಿಕೆಯಿಂದ ಕೊಡಬಹುದಾದ್ದು ಕಡಿಮೆ, ಇದನ್ನು ಮೊದಲೇ ಒಪ್ಪಿಕೊಳ್ಳಿ. ಅಲ್ಲಿನ ಹೆಸರುವಾಸಿ ಅಡುಗೆ 'ಅರೋಸ್ ಕೊನ್ ಗಂಡೂಲೆಸ್'. ಗಂಡೂಲೆಸ್ ಅಂದರೆ ನಮ್ಮ ತೊಗರಿಕಾಳೇ. ಅನ್ನದ ಜೊತೆ ಹಸಿ ತೊಗರಿಕಾಳು, ನೋಡಿದರೆ ಊರಿನ ತಿಂಡಿ ಅನ್ನಿಸುತ್ತದೆ. ಆದರೆ ಚಮಚದಲ್ಲಿ ಕೆದಕಿದರೆ ಬೆರಳಿನ ಉಗುರಿನಷ್ಟು ಚಿಕ್ಕ ಹಂದಿಮಾಂಸದ ತುಂಡುಗಳು ಸಿಗುತ್ತವೆ. ಅಡುಗೆಯವರ ಪಾಲಿಗೆ ಅದು ಬರೀ ಒಗ್ಗರಣೆ, ಮಾಂಸದ ಲೆಕ್ಕವಲ್ಲ. ಹಾಗಾಗಿ 'ವೆಜಿಟೇರಿಯನ್' ಅಂದರೆ ಸಾಲದು. 'ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೊಯೊ, ಸಿನ್ ಪೆಸ್ಕಾಡೊ' ಅಂತ ಒಂದೊಂದನ್ನೂ ಬೇಡ ಅನ್ನಬೇಕು. ಮಾಂಸ, ಹ್ಯಾಮ್, ಕೋಳಿ, ಮೀನು ಬೇಡ ಅಂತ. ಬಾಳೆಕಾಯಿಯನ್ನು ಜಜ್ಜಿ ಎರಡು ಸಲ ಕರಿದ ಟೊಸ್ಟೋನೆಸ್, ಮಾಗಿದ ಬಾಳೆಯ ಅಮರಿಯೊಸ್ ಚೆನ್ನಾಗಿರುತ್ತವೆ. ಅವನ್ನು ಕರಿದ ಎಣ್ಣೆಯಲ್ಲೇ ಮೀನೂ ಕರಿದಿರಬಹುದು. ನೀವು, ಮಕ್ಕಳು ತಿನ್ನಿ. ಅತ್ತೆಗೆ ಹೇಳಿ, ತೀರ್ಮಾನ ಅವರಿಗೇ ಬಿಡಿ.

ಅಡುಗೆಮನೆ ಬೇಕು ಅಂದಿದ್ದು ಅದಕ್ಕೇ. ಚಿಕ್ಕ ಕುಕ್ಕರ್, ತೊಗರಿಬೇಳೆ, ಸಾರಿನ ಪುಡಿ, ಉಪ್ಪಿನಕಾಯಿ, ಅವಲಕ್ಕಿ, ರವೆ ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಿ. ಅಕ್ಕಿ, ಮೊಸರು, ಈರುಳ್ಳಿ, ಹಾಲು ಅಲ್ಲೇ ಸಿಗುತ್ತದೆ. ಕಾಸ್ಟ್‌ಕೊ, ವಾಲ್‌ಮಾರ್ಟ್ ಎರಡೂ ಇವೆ. ತರಕಾರಿ ಅಂಗಡಿಯಲ್ಲಿ 'ಪಾನಾಪೆನ್' ಅಂತ ಹಸಿರು, ಗುಂಡಗಿನ ಕಾಯಿ ಕಂಡರೆ ಬಿಡಬೇಡಿ. ಅದು ನಮ್ಮ ದೀವಿಹಲಸು, ಕರಾವಳಿಯವರ ಜೀಗುಜ್ಜೆ. ಅತ್ತೆಯ ಕೈಗೆ ಕೊಟ್ಟರೆ ಪಲ್ಯ ಆಗಿಬಿಡುತ್ತದೆ. ಮಾವಿನಹಣ್ಣಿನ ಕಾಲವೂ ಹೌದು, ಆದರೆ ಅಲ್ಲೇ ತಿಂದು ಮುಗಿಸಿ. ವಾಪಸ್ ಬರುವಾಗ ಸಾನ್ ಹುವಾನ್ ಏರ್‌ಪೋರ್ಟಿನಲ್ಲಿ ಕೃಷಿ ಇಲಾಖೆಯವರು ಪ್ರತಿ ಬ್ಯಾಗನ್ನೂ ಸ್ಕ್ಯಾನ್ ಮಾಡುತ್ತಾರೆ, ಮಾವು ಕಂಡರೆ ಕಿತ್ತುಕೊಳ್ಳುತ್ತಾರೆ.

ಇನ್ನು ಮಾವನ ಪ್ರಶ್ನೆ. ಹೋಟೆಲಲ್ಲಿ ಕೂರಬೇಕಾಗಿಯೇ ಇಲ್ಲ. ಲುಕಿಯೊದ ಬೆನ್ನಿಗೇ ಎಲ್ ಯುಂಕೆ ಮಳೆಕಾಡು ಇದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಉಷ್ಣವಲಯದ ಮಳೆಕಾಡು ಇದೊಂದೇ. ತೀರ್ಥಹಳ್ಳಿಯವರಿಗೆ ಮಳೆಕಾಡು ತೋರಿಸುತ್ತೀನಿ ಅಂದರೆ ನಗಬಹುದು, ಆದರೆ ಗಿಡಮರ ಬಲ್ಲವರೇ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು. ಲಾ ಕೋಕಾ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ, ಅಷ್ಟೇ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಮಳೆ ಹಿಡಿಯುತ್ತದೆ. ರಾತ್ರಿ ಕಾಂಡೊದ ಸುತ್ತ 'ಕೊ-ಕೀ, ಕೊ-ಕೀ' ಅಂತ ಕೂಗು ಕೇಳಿದರೆ ಹಕ್ಕಿ ಅಂದುಕೊಳ್ಳಬೇಡಿ. ಹೆಬ್ಬೆರಳಿನಷ್ಟು ಚಿಕ್ಕ ಕಪ್ಪೆ. ಮಕ್ಕಳಿಗೆ ಟಾರ್ಚ್ ಕೊಟ್ಟು ಹುಡುಕೋಕೆ ಬಿಡಿ.

ಇನ್ನೊಂದು ದಿನ ಹಳೇ ಸಾನ್ ಹುವಾನ್. ಎಲ್ ಮೊರೊ ಮತ್ತು ಸಾನ್ ಕ್ರಿಸ್ಟೋಬಲ್ ಕೋಟೆಗಳು 1983ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಎಲ್ ಮೊರೊ ಮುಂದೆ ಗಾಳಿಪಟ ಹಾರಿಸುವ ದೊಡ್ಡ ಬಯಲು ಇದೆ, ಮಕ್ಕಳಿಗೆ ಹಬ್ಬ. ಆದರೆ ಬಿಸಿಲಲ್ಲಿ ಅದನ್ನು ದಾಟಿಕೊಂಡು ಕೋಟೆಗೆ ಹೋಗುವುದು ಅತ್ತೆಗೆ ಕಷ್ಟ. ಸಂಜೆ ಹೋಗಿ ಬಯಲಿನಲ್ಲೇ ಕೂತರೂ ಸಾಕು.

ಫಹಾರ್ಡೊ ಊರಿನ ಲಗೂನಾ ಗ್ರಾಂಡೆ ಅನ್ನುವ ಹಿನ್ನೀರಿನಲ್ಲಿ ರಾತ್ರಿ ನೀರು ಕಲಕಿದರೆ ನೀಲಿ-ಹಸಿರು ಬೆಳಕು ಹೊಮ್ಮುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಬೆಳಕು ಅದು. ಲುಕಿಯೊದಿಂದ ಹತ್ತಿರ. ಹೆಚ್ಚಿನವರು ಕಯಾಕ್‌ನಲ್ಲಿ ಹೋಗುತ್ತಾರೆ, ಅದು ನಾಲ್ಕು ವರ್ಷದವನಿಗೂ ಅತ್ತೆಗೂ ಆಗಲ್ಲ. ಎಲೆಕ್ಟ್ರಿಕ್ ದೋಣಿ ಇರುವವರನ್ನು ಹುಡುಕಿ. ಹತ್ತಿ ಇಳಿಯೋಕೆ ಮೆಟ್ಟಿಲು ಎಷ್ಟು ಅಂತ ಕೇಳಿ. ಬೆಳದಿಂಗಳಲ್ಲಿ ಏನೂ ಕಾಣಿಸಲ್ಲ, ದುಡ್ಡು ದಂಡ. ಅತ್ತೆಯ ಪಂಚಾಂಗ ತೆಗೆಸಿ, ಅಮಾವಾಸ್ಯೆಯ ಆಸುಪಾಸಿನ ದಿನ ನೋಡಿ ಬುಕ್ ಮಾಡಿ. ಪ್ರವಾಸದ ತಾರೀಖನ್ನೇ ಅದಕ್ಕೆ ಹೊಂದಿಸಿಕೊಂಡರೂ ತಪ್ಪಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೆರಿಬಿಯನ್ ದಡಗಳಲ್ಲಿ ಮ್ಯಾಂಚಿನೀಲ್ ಅಂತ ಒಂದು ಮರ ಇದೆ. ಚಿಕ್ಕ ಹಸಿರು ಸೇಬಿನ ಹಾಗೆ ಕಾಯಿ, ಮರಳಿನ ಮೇಲೆ ಬಿದ್ದಿರುತ್ತದೆ. ಕಚ್ಚಿದರೆ ಬಾಯಿ, ಗಂಟಲು ಸುಟ್ಟುಹೋಗುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರಿಗೇ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. 'ಬೀಚಿನಲ್ಲಿ ಬಿದ್ದ ಯಾವ ಹಣ್ಣನ್ನೂ ಮುಟ್ಟಬಾರದು' ಅಂತ ಒಂದೇ ನಿಯಮ ಮಾಡಿ. ಸೊಳ್ಳೆಯ ಕ್ರೀಮ್ ಮರೆಯಬೇಡಿ. 2024ರ ಮಾರ್ಚ್‌ನಲ್ಲಿ ಅಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದ್ದರು.

ಮುಂದೆ ನಿಮ್ಮ ಸ್ಟಾಂಪಿಂಗ್ ಆದ ಮೇಲೆ ಬೇರೆ ದ್ವೀಪ ನೋಡುವ ಮನಸ್ಸಾದರೆ ಅರೂಬಾ ನೋಡಿ. ಚಂಡಮಾರುತದ ದಾರಿಯಿಂದ ದಕ್ಷಿಣಕ್ಕಿದೆ, ಈಗಲ್ ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ, ನಲ್ಲಿ ನೀರನ್ನೇ ಕುಡಿಯಬಹುದು. ಜಮೈಕಾ ಆದರೆ ಪಶ್ಚಿಮದ ನೆಗ್ರಿಲ್. ಅಲ್ಲಿನ ರಾಸ್ತಾಫಾರಿ ಧರ್ಮದವರ 'ಐಟಲ್' ಅಡುಗೆಯಲ್ಲಿ ಮಾಂಸ ಇರುವುದಿಲ್ಲ. ಆದರೆ 2025ರ ಅಕ್ಟೋಬರ್ 28ರ ಮೆಲಿಸ್ಸಾ ಚಂಡಮಾರುತ ಆ ದ್ವೀಪದ ಪಶ್ಚಿಮ ಭಾಗಕ್ಕೇ ಬಡಿದಿದ್ದು, ಹೋಟೆಲ್ ಪೂರ್ತಿ ತೆರೆದಿದೆಯಾ ಅಂತ ಕೇಳಿಯೇ ದುಡ್ಡು ಕಟ್ಟಿ. ಟ್ರಿನಿಡಾಡ್‌ನಲ್ಲಿ 1845ರಿಂದ ಭಾರತದ ಮೂಲದವರಿದ್ದಾರೆ, ಸಸ್ಯಾಹಾರಕ್ಕೆ ಕೆರಿಬಿಯನ್‌ನಲ್ಲಿ ಅದಕ್ಕಿಂತ ಸುಲಭದ ಜಾಗ ಇಲ್ಲ. ಆದರೆ ಅಲ್ಲಿಗೆ ಹೋಗಿ ಬಂದು ಆರು ದಿನದೊಳಗೆ ಭಾರತದಲ್ಲಿ ಇಳಿಯುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಇರಬೇಕು. ಇಲ್ಲದಿದ್ದರೆ ಬೆಂಗಳೂರು ಏರ್‌ಪೋರ್ಟಿನಲ್ಲಿ ಕ್ವಾರಂಟೈನ್ ಮಾಡಬಹುದು. ಅತ್ತೆ-ಮಾವನನ್ನು ಕರೆದುಕೊಂಡು ಹೋಗುವಾಗ ಇದು ನೆನಪಿರಲಿ.

ಸದ್ಯಕ್ಕೆ ಮೊದಲು ಕಾರು ಬುಕ್ ಮಾಡಿ. ಆರು ಜನ, ಲಗೇಜು, ಮಗುವಿನ ಕಾರ್ ಸೀಟ್ ಎಲ್ಲಾ ಹಿಡಿಸಬೇಕು ಅಂದರೆ ಮಿನಿವ್ಯಾನ್ ಬೇಕು. ಜುಲೈನಲ್ಲಿ ಆ ದ್ವೀಪದಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅದೇ. ಕಾರ್ ಸೀಟ್ ಮನೆಯಿಂದಲೇ ಒಯ್ಯಿರಿ, ಏರ್‌ಲೈನ್‌ಗಳು ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.